ಬರ ಇರೋದು ಕೈಗೋ, ಕೂಲಿಗೋ?

‘ಕುಶಲ ಕೆಲಸಗಾರರೇ ಸಿಗುವುದಿಲ್ಲ ಮಾರಾಯ್ರೆ!’ ಕಾರ್ಖಾನೆ ಧಣಿಗಳ ಈ ಗೋಳು ಕೇಳಿ ಕೇಳಿ ಸಾಕಾಗಿದೆ. ನಮ್ಮ ಹುಡುಗರು ಸೋಮಾರಿಗಳಂತೆ, ಕಲಿತದ್ದು ಕೆಲಸಕ್ಕೆ ಬಾರದಂತೆ. ಸರಿ, ಲೆಕ್ಕ ಹಾಕುವ. ನಮ್ಮ ಮನೆಯಿಂದಲೇ ಶುರು ಮಾಡುವ.

ಅಮ್ಮ ಕಾರ್ಕಳದ ಗೇರುಬೀಜ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಬೀಜ ಕೊಯ್ದು ಸುಲಿದವಳು. ಸಿಪ್ಪೆಯ ಎಣ್ಣೆ ಅವಳ ಬೆರಳಿನ ಚರ್ಮ ತಿಂದಿದೆ. ತಿರುಳು ಇಡಿಯಾಗಿ ಬರಬೇಕು. ಒಡೆದರೆ ತುಂಡುಬೀಜದ ದರ. ಒಂದು ಪೌಂಡಿಗೆ 300ರಿಂದ 320 ತಿರುಳು ತೂಗುವ ‘ಡಬ್ಲ್ಯು 320’ ಪರದೇಶಕ್ಕೆ ಹೋಗುವುದು ಇಂಥ ಬೆರಳುಗಳಿಂದ. ಮಾಲಿಗೆ ದರ್ಜೆ ಉಂಟು, ಸುಲಿದವಳಿಗಿಲ್ಲ. ಅವಳು ಕಡೆಯವರೆಗೂ ‘ಅಕುಶಲ’ಳೇ.

ತಮ್ಮ ಐಟಿಐ ಫಿಟ್ಟರ್. ಮಣಿಪಾಲದ ಕಡೆಯ ಒಂದು ಕಾರ್ಖಾನೆಯಲ್ಲಿ ಒಂದು ವರ್ಷ ಅಪ್ರೆಂಟಿಸ್ ಆಗಿದ್ದ. 2019ರ ನಿಯಮ ಐಟಿಐ ಪಾಸಾದವನಿಗೆ ತಿಂಗಳಿಗೆ ಕನಿಷ್ಠ 7000 ರೂಪಾಯಿ ಗೊತ್ತು ಮಾಡಿತು. ದಿನವಿಡೀ ಯಂತ್ರದ ಮುಂದೆ ನಿಂತರೂ ಅವನು ಕೆಲಸಗಾರ ಅಲ್ಲ, ತರಬೇತಿಯವ. 1961ರ ಅಪ್ರೆಂಟಿಸ್ ಕಾಯ್ದೆಯೇ ಹಾಗೆ ಹೇಳ್ತದೆ. ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದೂ ಇಲ್ಲ. ಯಾರನ್ನು ಇಟ್ಟುಕೊಳ್ಳಬೇಕೆಂಬ ನೀತಿಯನ್ನು ಧಣಿಯೇ ಮಾಡಿಕೊಳ್ಳಲಿ ಅಂತ 2014ರ ತಿದ್ದುಪಡಿ ಹೇಳಿತು. ವರ್ಷ ತುಂಬಿತು, ತಮ್ಮನನ್ನು ಕಳಿಸಿದರು. ಅದೇ ಯಂತ್ರಕ್ಕೆ ಹೊಸ ಅಪ್ರೆಂಟಿಸ್ ಬಂದ. ಅದೇ ಗೇಟಿನಲ್ಲಿ ಬೋರ್ಡು: ‘ಎರಡು ವರ್ಷ ಅನುಭವವಿರುವ ಫಿಟ್ಟರ್ ಬೇಕಾಗಿದ್ದಾರೆ.’ ಒಂದೇ ವರ್ಷಕ್ಕೆ ಹೊರಗೆ ಹಾಕಿದರೆ ಎರಡು ವರ್ಷದ ಅನುಭವ ಎಲ್ಲಿಂದ ಬರಬೇಕು ಸ್ವಾಮಿ?

ಮಲ್ಪೆಗೆ ಬಂಗುಡೆ ಕಮ್ಮಿ ಬಂದ ದಿನ ದರ ಏರ್ತದೆ. ಅದು ಪೇಟೆಯ ನ್ಯಾಯ, ಧಣಿಗಳೇ ಕಲಿಸಿದ್ದು. ಕುಶಲ ಕೈ ಕಮ್ಮಿಯಾದರೆ ಕೂಲಿಯೂ ಏರಬೇಕಲ್ಲ? ಇಲ್ಲಿ ಏರುವುದು ಗೋಳು ಮಾತ್ರ. ಇಲ್ಲಿ ಯಾರಿಗೂ ಬೇಡವಾದ ಕಾಪು, ಶಿರ್ವದ ವೆಲ್ಡರ್ ಗಲ್ಫಿಗೆ ಹೋದ ಕೂಡಲೇ ಕುಶಲಿಯಾಗ್ತಾನೆ. ವಿಮಾನದಲ್ಲಿ ಕಲಿತನೇ?

ಕೊರತೆ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಉಡುಪಿ ಸೀರೆ ನೇಯುವವರು ತೀರಾ ಕಡಿಮೆಯಾದದ್ದು ನಿಜ. ಆದರೆ ನೇಕಾರನ ಮಗ ಮಗ್ಗ ಬಿಟ್ಟದ್ದು ಕೈ ಬಗ್ಗದೆ ಅಲ್ಲ, ಹೊಟ್ಟೆ ತುಂಬದೆ.

ಇನ್ನೊಂದು ಮಾತು. ಬೀಳು, ಬಿದಿರು ಹೆಣೆದು ಬುಟ್ಟಿ ಮಾಡುವ ಕೊರಗರ ಬೆರಳಿಗಿಂತ ಕುಶಲವಾದದ್ದು ಈ ಜಿಲ್ಲೆಯಲ್ಲಿ ಏನುಂಟು? ಬುಟ್ಟಿ ಮನೆಯೊಳಗೆ ಹೋಯಿತು, ಹೆಣೆದವರು ಅಂಗಳದಾಚೆ ಉಳಿದರು. ಅವರದ್ದು ‘ಕಸುಬು’, ಕಾಲೇಜಿನವರದ್ದು ‘ಕೌಶಲ್ಯ’. ಅಜಲು ಪದ್ಧತಿ ನಿಲ್ಲಿಸುವ ಕಾಯ್ದೆ ಬರಲಿಕ್ಕೇ 2000ನೇ ಇಸವಿ ಆಯಿತು. ಯಾರ ಕೈ ಕುಶಲ ಅಂತ ತೀರ್ಮಾನಿಸುವವರು ಇವತ್ತಿಗೂ ಆ ಕೈ ಮುಟ್ಟದವರೇ.

ಗೆಳೆಯರೇ, ಮೇಷ್ಟ್ರುಗಳೇ, ‘ಕೊರತೆ’ ಎಂದವರನ್ನು ಮೂರು ಲೆಕ್ಕ ಕೇಳಿ. ಎಷ್ಟು ಅಪ್ರೆಂಟಿಸರನ್ನು ತಗೊಂಡಿರಿ? ಎಷ್ಟು ಮಂದಿಯನ್ನು ಉಳಿಸಿಕೊಂಡಿರಿ? ಏನು ಸಂಬಳ ಕೊಟ್ಟಿರಿ? ಉತ್ತರವನ್ನು ಬರೆಸಿಕೊಂಡು ಐಟಿಐ ಗೋಡೆಗೆ ಅಂಟಿಸಿ. ನಮ್ಮ ಮಕ್ಕಳು ಓದಿಕೊಳ್ಳಲಿ. ತಪ್ಪು ತಮ್ಮ ಕೈಯದ್ದಲ್ಲ ಅಂತ ಅವರಿಗೆ ಮೊದಲು ಗೊತ್ತಾಗಬೇಕು.