ಆಟಗಾರರನ್ನು ನೋಡಿ ಆಟ ಹೂಡಬೇಕು



ತಾಲೂಕು ಮಟ್ಟದ ಕ್ರೀಡಾಕೂಟ ಹತ್ತಿರ ಬಂತು. ಆಟದ ಪಿರಿಯಡ್ ಆದರೆ ಸಾಕು, ಬಯಲಿನಲ್ಲಿ ಒಂದೇ ಮಾತು: ಈ ಸಲ ತಂಡದಾಗ ಯಾರು ಯಾರು? ನನ್ನ ಪ್ರಶ್ನೆ ಬೇರೆ ಇದೆ. ಮೊದಲೇ ಒಂದು ಯೋಜನೆ ಮಾಡಿಟ್ಟು ಅದಕ್ಕೆ ಹೊಂದುವ ಹುಡುಗರನ್ನು ಹುಡುಕಬೇಕೋ, ಇಲ್ಲಾ ಇರುವ ಹುಡುಗರ ಬಲ ನೋಡಿ ಯೋಜನೆ ಮಾಡಬೇಕೋ? ಎರಡನೆಯದೇ ಸರಿ ಎಂದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ, ಓದಿರಿ.

ನಮ್ಮ ಕಡೆ ರೈತರಿಗೆ ಇದು ಹೊಸ ಮಾತಲ್ಲ. ಎರಿ ಹೊಲದಾಗ ಕಡಲಿ, ಬಿಳಿಜೋಳ ಬಿತ್ತುತ್ತಾರೆ. ಮಸಾರಿ ಹೊಲದಾಗ ಶೇಂಗಾ, ಸಜ್ಜಿ ಬಿತ್ತುತ್ತಾರೆ. ಕಡಲಿ ಬೀಜ ಮನೆಯಲ್ಲಿದೆ ಅಂತ ಮಸಾರಿ ಹೊಲಕ್ಕೆ ಚೆಲ್ಲಿ, ಬೆಳೆ ಬರದಿದ್ದರೆ ಹೊಲಕ್ಕೆ ಬೈಯುವವರು ಯಾರೂ ಇಲ್ಲ. ಆದರೆ ಆಟದಲ್ಲಿ ಮಾತ್ರ ಸೋತರೆ ಹುಡುಗರಿಗೇ ಬೈಯುತ್ತಾರೆ.

ನಮ್ಮೂರಾಗ ಫುಟ್‌ಬಾಲ್ ಕಡಿಮೆ, ಕಬಡ್ಡಿ, ಖೋ ಖೋ ಹೆಚ್ಚು. ಆದರೂ ಒಬ್ಬ ಫುಟ್‌ಬಾಲ್ ಗುರುಗಳ ಬಗ್ಗೆ ಹೇಳಲೇಬೇಕು. ಅವರ ಹೆಸರು ಸೈಯದ್ ಅಬ್ದುಲ್ ರಹೀಮ್. ಹೈದರಾಬಾದಿನವರು. ವೃತ್ತಿಯಿಂದ ಶಾಲಾ ಮಾಸ್ತರರು! 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಚಿನ್ನ ಗೆದ್ದಾಗ ತಂಡಕ್ಕೆ ಕಲಿಸಿದವರು ಅವರೇ. ಆಗ ನಮ್ಮ ಕೊಪ್ಪಳ ಸೀಮೆಯೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಅಂದಮೇಲೆ ಅವರು ಆಗ ನಮ್ಮದೇ ರಾಜ್ಯದವರು. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಅವರ ತಂಡ 4ನೇ ಸ್ಥಾನಕ್ಕೆ ಬಂತು. ಅವರ ಜೀವನದ ಮೇಲೆ 2024ರಲ್ಲಿ 'ಮೈದಾನ್' ಎಂಬ ಹಿಂದಿ ಸಿನಿಮಾ ಬಂದಿದೆ.

1962ರಲ್ಲಿ ಜಕಾರ್ತಾದಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಭಾರತ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾಕ್ಕೆ 0-2ರಿಂದ ಸೋತಿತು. ಥಾಯ್ಲೆಂಡ್ ಮೇಲಿನ ಪಂದ್ಯದಲ್ಲಿ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಜರ್ನೈಲ್ ಅಂದರೆ ಹಿಂದೆ ನಿಂತು ಗೋಲು ಕಾಯುವ, ಗಟ್ಟಿಮುಟ್ಟಾದ ರಕ್ಷಣೆಯ ಆಟಗಾರ. ಬೇರೆಯವರಾಗಿದ್ದರೆ "ನೀನು ಕೂತ್ಕೋ" ಅಂತಿದ್ದರು. ರಹೀಮ್ ಗುರುಗಳು ಹಾಗೆ ಅನ್ನಲಿಲ್ಲ. ಆತನ ಬಲ, ಧೈರ್ಯ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ನೋಡಿದರು. ಸೆಮಿಫೈನಲ್‌ಗೆ ಹಿಂದಿನಿಂದ ತೆಗೆದು ಮುಂದೆ, ಗೋಲು ಹೊಡೆಯುವ ಜಾಗದಲ್ಲಿ ನಿಲ್ಲಿಸಿದರು. ಜರ್ನೈಲ್ ಸೆಮಿಫೈನಲ್‌ನಲ್ಲೂ ಗೋಲು ಹೊಡೆದರು, ಫೈನಲ್‌ನಲ್ಲೂ ಹೊಡೆದರು. ಫೈನಲ್‌ನಲ್ಲಿ ಎದುರು ಇದ್ದದ್ದು ಅದೇ ದಕ್ಷಿಣ ಕೊರಿಯಾ. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು. ಭಾರತ 2-1ರಿಂದ ಗೆದ್ದಿತು. ಮರುವರ್ಷ, 1963ರಲ್ಲಿ, ರಹೀಮ್ ಗುರುಗಳು ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ನಂತರ ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಮತ್ತೆ ಸಿಕ್ಕಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಕರ್ನಾಟಕದ್ದು, ಕ್ರಿಕೆಟ್‌ನದು. ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಬಲಗೈ ಸೊರಗಿತ್ತು. ಚೆಂಡು ಎಸೆಯಬೇಕಾದರೆ ಎಡಗೈಲಿ ಎಸೆಯುತ್ತಿದ್ದರು. ಆದರೆ ಬೌಲಿಂಗ್ ಮಾತ್ರ ಅದೇ ಸೊರಗಿದ ಬಲಗೈಲಿ! ಅವರ ಸ್ಪಿನ್ ಉಳಿದವರ ಸ್ಪಿನ್‌ಗಿಂತ ಜೋರಾಗಿ ಬರುತ್ತಿತ್ತು. "ಸ್ಪಿನ್ ಅಂದರೆ ನಿಧಾನ, ನೀನೂ ನಿಧಾನ ಹಾಕು" ಎಂದು ಹೇಳಿ ಅವರ ಆಟ ಬದಲಾಯಿಸಿದ್ದರೆ ಏನಾಗುತ್ತಿತ್ತು? 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಅವರು 38 ರನ್ ಕೊಟ್ಟು 6 ವಿಕೆಟ್ ತೆಗೆದರು. ಇಂಗ್ಲೆಂಡ್ 101ಕ್ಕೆ ಆಲೌಟ್. ಇಂಗ್ಲೆಂಡ್ ನೆಲದಲ್ಲಿ ಭಾರತ ಟೆಸ್ಟ್ ಗೆದ್ದದ್ದು ಅದೇ ಮೊದಲು. ಅಂದು ನಾಯಕ ಅಜಿತ್ ವಾಡೇಕರ್. ಚಂದ್ರಶೇಖರ್ ಬೌಲಿಂಗ್‌ಗೆ ಬ್ಯಾಟಿನ ಹತ್ತಿರವೇ ಏಕನಾಥ ಸೋಳ್ಕರ್ ಅವರಂಥ ಚುರುಕು ಆಟಗಾರರು ಕ್ಯಾಚಿಗೆ ಕಾಯುತ್ತಿದ್ದರು. ಒಬ್ಬನ ಬಲಕ್ಕೆ ಉಳಿದವರ ಜಾಗ ಹೊಂದಿಸುವುದು ಅಂದರೆ ಇದೇ.

ಇದಕ್ಕೆ ಕೆಲವರು ತಕರಾರು ತೆಗೆಯುತ್ತಾರೆ. ಎಲ್ಲರೂ ತಮಗೆ ಬಂದ ಹಾಗೆ ಆಡಿದರೆ ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅನ್ನೋ ಹಾಗಾಗುತ್ತೆ ಅಂತಾರೆ. ಈ ಮಾತು ಸುಳ್ಳಲ್ಲ. ಆದರೆ ನಾನು ಯೋಜನೆಯೇ ಬೇಡ ಅನ್ನುತ್ತಿಲ್ಲ. ಯೋಜನೆ ಒಂದೇ ಇರಲಿ, ಎಲ್ಲರೂ ಅದನ್ನು ಪಾಲಿಸಲಿ. ಆದರೆ ದರ್ಜಿ ಮೈ ಅಳತೆ ತಗೊಂಡು ಅಂಗಿ ಹೊಲಿಯುವ ಹಾಗೆ ಅದು ನಮ್ಮ ಅಳತೆಗೆ ಇರಲಿ.

ಇನ್ನೂ ಕೆಲವರು, ಬರುವುದನ್ನೇ ಆಡಿಸಿದರೆ ಬಾರದ್ದನ್ನು ಕಲಿಯೋದು ಯಾವಾಗ ಎಂದು ಕೇಳುತ್ತಾರೆ. ಇದು ಒಳ್ಳೆಯ ಪ್ರಶ್ನೆ. ಉತ್ತರವೂ ರಹೀಮ್ ಗುರುಗಳ ಹತ್ತಿರವೇ ಇದೆ. ಹೈದರಾಬಾದಿನಲ್ಲಿ ಅವರು ಬಲ ಕಡಿಮೆ ಇರುವ ಕಾಲಿನಿಂದಲೇ ಚೆಂಡು ಒದೆಯಬೇಕು ಎಂಬ ಪಂದ್ಯಗಳನ್ನು ಇಡುತ್ತಿದ್ದರು. ಚೆಂಡನ್ನು ತಾನೇ ಇಟ್ಟುಕೊಂಡು ಓಡದೆ ಬೇಗ ಬೇರೆಯವರಿಗೆ ಕೊಡಬೇಕು ಎಂಬ ಪಂದ್ಯಗಳನ್ನೂ ಇಡುತ್ತಿದ್ದರು. ಅಂದರೆ ಕಲಿಯುವ ದಿನ ನಮ್ಮ ಕುಂದು ನೋಡಬೇಕು, ಪಂದ್ಯದ ದಿನ ನಮ್ಮ ಬಲ ನೋಡಬೇಕು. ಎರಡೂ ಬೇಕು.

ಈಗ ನಮ್ಮ ಕಬಡ್ಡಿಗೆ ಬರೋಣ. ಬಹಳ ಕಡೆ ತಂಡ ಆರಿಸುವಾಗ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ ಮುಂದಿನ ಏಳು ಮಂದಿಯನ್ನು ತೆಗೆದುಕೊಳ್ಳುತ್ತಾರೆ. ಗಿಡ್ಡ ಇರುವವರು ನೀರಿನ ಕೊಡ ಹೊರಬೇಕು, ಇಲ್ಲಾ ಚಪ್ಪಾಳೆ ತಟ್ಟಬೇಕು. ನನ್ನ ಒಬ್ಬ ಗೆಳೆಯ ನಮ್ಮೆಲ್ಲರಿಗಿಂತ ಗಿಡ್ಡ. ಕೈ ಕೈ ಹಿಡಿದು ಸರಪಳಿ ಮಾಡಿ ನಿಂತರೆ ದೊಡ್ಡ ಹುಡುಗರು ಅವನ ಕೈ ಕಿತ್ತುಕೊಂಡು ಹೋಗುತ್ತಾರೆ, ನಿಜ. ಆದರೆ ಅವನನ್ನು ಮೂಲೆಯಲ್ಲಿ ಒಂಟಿಯಾಗಿ ನಿಲ್ಲಿಸಿ ನೋಡಿರಿ. ಬಗ್ಗಿ ಪಾದದ ಗಂಟು ಹಿಡಿದನೆಂದರೆ ಉಡ ಹಿಡಿದ ಹಾಗೆ, ಬಿಡೋದಿಲ್ಲ. ಅಷ್ಟರಲ್ಲಿ ಉಳಿದವರು ಬಂದು ಬೀಳಬಹುದು. ಸರಪಳಿಯಲ್ಲಿ ಅವನು ಸೋಲುವವನು, ಮೂಲೆಯಲ್ಲಿ ಅವನೇ ಗೆಲ್ಲಿಸುವವನು. ಹುಡುಗ ಒಬ್ಬನೇ, ಜಾಗ ಮಾತ್ರ ಬೇರೆ.

ಹುಡುಗಿಯರ ಖೋ ಖೋದಲ್ಲೂ ಹೀಗೇ. ಕುರಿ ಹಿಂದೆ ಓಡಾಡಿ ರೂಢಿ ಇರುವ ಹುಡುಗಿ ಗಕ್ಕನೆ ತಿರುಗುತ್ತಾಳೆ, ಯಾರ ಕೈಗೂ ಸಿಗೋದಿಲ್ಲ. ನೇರ ಓಟದಲ್ಲಿ ಹಿಂದೆ ಬಿದ್ದಳು ಅಂತ ಅವಳನ್ನು ಬಿಟ್ಟರೆ ತಂಡಕ್ಕೇ ನಷ್ಟ.

ಆದ್ದರಿಂದ ನಮ್ಮ ಪಿ.ಟಿ. ಸರ್ ಅವರಲ್ಲಿ ನನ್ನದೊಂದು ವಿನಂತಿ. ತಂಡ ಆರಿಸುವ ಮುಂಚೆ ಒಂದು ವಾರ ಎಲ್ಲರನ್ನೂ ಎಲ್ಲ ಜಾಗದಲ್ಲೂ ಆಡಿಸಿ ನೋಡಿರಿ. ಯಾರು ದಾಳಿಗೆ, ಯಾರು ಮೂಲೆಗೆ, ಯಾರು ಹಿಡಿತಕ್ಕೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಡುವ ಕೆಲಸ ನಾವು ಮಾಡುತ್ತೇವೆ. ಆಮೇಲೆ ನೀವು ಆರಿಸಿದ್ದೇ ಕೊನೆಯ ಮಾತು. ಆಗ ತಂಡದಲ್ಲಿ ಇಲ್ಲದವರಿಗೂ ಬೇಜಾರಿಲ್ಲ, ನಮ್ಮನ್ನು ನೋಡಿದರಲ್ಲ ಎಂಬ ಸಮಾಧಾನ ಇರುತ್ತದೆ.

ಮುಂದಿನ ವರ್ಷ ನಾವು ಹೈಸ್ಕೂಲಿಗೆ ಹೋಗುತ್ತೇವೆ. ನಮ್ಮಲ್ಲಿ ಎಷ್ಟೋ ಮಂದಿಗೆ ಈ ಶಾಲೆಯ ಅಂಗಿ ತೊಟ್ಟು ಆಡಲು ಇದೇ ಕೊನೆಯ ಅವಕಾಶ. ಗೆಳೆಯರೇ, ನಿಮ್ಮ ಅಭಿಪ್ರಾಯ ಬೇರೆ ಇದ್ದರೆ ಮುಂದಿನ ಸಂಚಿಕೆಗೆ ಬರೆದು ಅಂಟಿಸಿರಿ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ, ತಳಕಲ್