ಅಣಕು ನ್ಯಾಯಾಲಯವೂ ನಿಜವಾದ ಕಕ್ಷಿಗಾರನೂ

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಗಳು 1999ರಲ್ಲಿಯೂ 2013ರಲ್ಲಿಯೂ ಜೆಸಪ್ ಅಂತರರಾಷ್ಟ್ರೀಯ ಅಣಕು ನ್ಯಾಯಾಲಯ ಸ್ಪರ್ಧೆಯನ್ನು ಗೆದ್ದು ನಾಡಿಗೆ ಕೀರ್ತಿ ತಂದರು. ಅದು ಸಾಮಾನ್ಯ ಸಾಧನೆಯಲ್ಲ. ಆದರೆ ಅಲ್ಲಿನ ಕಕ್ಷಿಗಳು ಕಲ್ಪಿತ ರಾಷ್ಟ್ರಗಳು. ವಾದ ಸೋತರೆ ಯಾರ ಹೊಲವೂ ಹೋಗದು.

ಬಡತನದಿಂದ ಯಾರಿಗೂ ನ್ಯಾಯ ತಪ್ಪಬಾರದೆಂಬುದು 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿಯ ಆಶಯ. ಅಂತಿಮ ವರ್ಷದ ವಿದ್ಯಾರ್ಥಿಗಳಿಂದ ಕಾನೂನು ನೆರವಿನ ಕೇಂದ್ರ ನಡೆಸಬೇಕೆಂದು ವಕೀಲರ ಪರಿಷತ್ತಿನ 2008ರ ನಿಯಮಗಳು ಪ್ರತಿಯೊಂದು ಕಾನೂನು ಕಾಲೇಜಿಗೂ ವಿಧಿಸಿವೆ. ಆದರೆ ನೆರವಿನ ಕೇಂದ್ರದಲ್ಲಿ ಪಾರಿತೋಷಕವಿಲ್ಲ. ಪಾರಿತೋಷಕವಿದ್ದಲ್ಲಿಗೆ ತರುಣರು ನಡೆಯುವುದು ಸಹಜ. ದೋಷ ಅವರದಲ್ಲ, ಮನ್ನಣೆಯ ತಕ್ಕಡಿ ಹಿಡಿದ ನಮ್ಮದು.

ಸ್ಪರ್ಧೆಯ ಭಾಷೆ ಇಂಗ್ಲಿಷು. ಪಹಣಿ ಹಿಡಿದು ಬಂದ ಮುದುಕಿಯ ಅಳಲನ್ನು ಆಕೆಯ ಕನ್ನಡದಲ್ಲಿಯೇ ಕೇಳಿ, ಆಕೆಗೆ ತಿಳಿಯುವಂತೆ ಕಾನೂನನ್ನು ಹೇಳಬಲ್ಲ ವಿದ್ಯಾರ್ಥಿಗೂ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಒಂದು ಹಾರ ಬೀಳಲಿ.