ಕೂಗಿಕೊಳ್ಳಲಿಲ್ಲವೇಕೆ?



ಈ ಸಲ ಉಪ್ಪಿನಕಾಯಿ, ಹಪ್ಪಳದ ಮಾತು ಬೇಡ. ಓದುಗರೊಬ್ಬರು ಕಾಗದ ಬರೆದಿದ್ದಾರೆ. ಹೆಸರು, ಊರು ನಾನು ಹಾಕುವುದಿಲ್ಲ. ಇಂಥ ಹೆಣ್ಣುಮಗಳ ಗುರುತು ಅಚ್ಚು ಹಾಕುವುದು 1983ರಿಂದ ಅಪರಾಧ. ಅವರ ತಂಗಿಯ ಮಗಳ ಮೇಲೆ ಬಲಾತ್ಕಾರ ನಡೆಯಿತು. ಮೊಕದ್ದಮೆಯಲ್ಲಿ ಆರೋಪಿ ಸೆಷನ್ಸ್ ಕೋರ್ಟಿನಲ್ಲಿ ಖುಲಾಸೆಯಾದ. "ದೂರು ಕೊಟ್ಟದ್ದು ತಡ ಅಂದರು, ಹುಡುಗಿ ಕೂಗಿಕೊಳ್ಳಲಿಲ್ಲ ಅಂದರು. ಇನ್ನು ಎಲ್ಲಾ ಮುಗಿದುಹೋಯಿತೇ ಅಕ್ಕಾ?" ಅಂತ ಕೇಳಿದ್ದಾರೆ.

ಓದಿ ನನಗೆ ನಾಚಿಕೆಯಾಯಿತು ನೋಡಿ. ನಮ್ಮ ಬೀದಿಯಲ್ಲಿ ಇಂಥದೇ ಸುದ್ದಿ ಬಂದಾಗ, ಜಗಲಿಯಲ್ಲಿ ಹೂ ಕಟ್ಟುತ್ತಾ ಕೂತಿದ್ದ ನಾನೇ "ಅವಳು ಕೂಗಬಾರದಿತ್ತೇನ್ರೀ?" ಅಂದಿದ್ದೆ. ಆ ಮಗುವಿನ ತಾಯಿಗೆ ಅದು ಕೇಳಿಸಿತ್ತೋ ಏನೋ, ಆಮೇಲೆ ಅವರು ನಮ್ಮನೆ ಕಡೆ ಬರಲೇ ಇಲ್ಲ.

ದೊಡ್ಡ ಕೋರ್ಟೂ ಹಾಗೆಂದದ್ದುಂಟು. 1972ರಲ್ಲಿ ಮಹಾರಾಷ್ಟ್ರದ ಒಂದು ಪೊಲೀಸ್ ಠಾಣೆಯೊಳಗೇ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವಾಯಿತು. ಹೈಕೋರ್ಟು ಕೊಟ್ಟ ಶಿಕ್ಷೆಯನ್ನು 1978ರಲ್ಲಿ ಸುಪ್ರೀಂ ಕೋರ್ಟು ತೆಗೆದುಹಾಕಿತು. ಮೈಮೇಲೆ ಗಾಯವಿಲ್ಲ, ಪ್ರತಿಭಟನೆಯ ಗುರುತಿಲ್ಲ ಅಂತ! ಠಾಣೆಯೊಳಗೆ ಪೊಲೀಸರ ಎದುರು ಯಾವ ಹುಡುಗಿ ಕೂಗಾಡುತ್ತಾಳೆ? ಮರುವರ್ಷ ಕಾನೂನು ಪಾಠ ಹೇಳುವ ನಾಲ್ವರು ಮುಖ್ಯ ನ್ಯಾಯಾಧೀಶರಿಗೆ ಬಹಿರಂಗ ಪತ್ರ ಬರೆದರು, ದೇಶದಲ್ಲೆಲ್ಲ ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನು ಬದಲಾಯಿತು. ಠಾಣೆಯಂಥ ಕಡೆ, ಅಧಿಕಾರದಲ್ಲಿದ್ದವನಿಂದ ಸಂಭೋಗ ನಡೆದದ್ದು ರುಜುವಾತಾಗಿ, 'ನನಗೆ ಒಪ್ಪಿಗೆಯಿರಲಿಲ್ಲ' ಅಂತ ಅವಳು ಹೇಳಿದರೆ, ಒಪ್ಪಿಗೆಯಿರಲಿಲ್ಲವೆಂದೇ ಕೋರ್ಟು ಭಾವಿಸಬೇಕು.

ಆದರೆ ನನ್ನ ಓದುಗರಿಗೆ ನಾನು ಹೇಳಬೇಕಾದ್ದು ಪಂಜಾಬಿನ ಹುಡುಗಿಯ ಕಥೆ. 1984ರ ಮಾರ್ಚ್. ಹದಿನಾರೂ ತುಂಬದ, ಹತ್ತನೇ ತರಗತಿಯ ಹುಡುಗಿ ಪರೀಕ್ಷೆ ಬರೆದು ಹೋಗುತ್ತಿದ್ದಾಗ ಕಾರಿನಲ್ಲಿ ಎಳೆದೊಯ್ದರು. ಮರುದಿನ ಬೆಳಿಗ್ಗೆ ಬಿಟ್ಟುಹೋದರು. ಅವಳು ಏನು ಮಾಡಿದಳು ಗೊತ್ತೇ? ಹೋಗಿ ಆ ದಿನದ ಪರೀಕ್ಷೆ ಬರೆದಳು. ಮನೆಗೆ ಬಂದು ತಾಯಿಯ ಹತ್ತಿರ ಹೇಳಿಕೊಂಡಳು. ಪಂಚಾಯಿತಿ ಸೇರಿತು, ಇತ್ಯರ್ಥವಾಗಲಿಲ್ಲ, ಆಮೇಲೆ ದೂರು. ಕೆಳಗಿನ ಕೋರ್ಟು 1985ರಲ್ಲಿ ಎಲ್ಲರನ್ನೂ ಬಿಟ್ಟಿತು. ದೂರು ತಡ, ಕೂಗಲಿಲ್ಲ, ಶಿಕ್ಷಕಿಯರಿಗೆ ಹೇಳಲಿಲ್ಲ, ಕಾರು ಯಾವ ಕಂಪೆನಿಯದೆಂದು ಗೊತ್ತಿಲ್ಲ ಅಂತ. ಕಾರಿನ ಹೆಸರು ನನಗೂ ತಿಳಿಯದಪ್ಪಾ!

1996ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ ಐದು ವರ್ಷ ಶಿಕ್ಷೆ ಕೊಟ್ಟಿತು. ಮಾನದ ಪ್ರಶ್ನೆಯಿರುವಾಗ ಮನೆಯವರು ಯೋಚಿಸಿ ದೂರು ಕೊಡುವುದು ಸಹಜ, ಹೆದರಿಸಿದಾಗ ಕೂಗದಿರುವುದೂ ಸಹಜ, ಮೊದಲು ತಾಯಿಗೆ ಹೇಳಿದ್ದು ಇನ್ನೂ ಸಹಜ ಎಂದಿತು. ಅವಳ ಮಾತು ನಂಬಿಕೆ ಹುಟ್ಟಿಸಿದರೆ ಬೇರೆ ಸಾಕ್ಷಿ ಇರಲೇಬೇಕೆಂದಿಲ್ಲ. ಈ ಮಾತಿನ ಬೇರು 1951ರ ತೀರ್ಪೊಂದರಲ್ಲೇ ಇದೆ.

ಹಾಗಂತ ಹೇಳಿದ್ದೆಲ್ಲಾ ನಡೆಯುತ್ತದೆ ಅಂದುಕೊಳ್ಳಬೇಡಿ. ಒಬ್ಬಳ ಮಾತಿನ ಮೇಲೇ ಶಿಕ್ಷೆ ಕೊಡಬೇಕಾದರೆ ಆ ಮಾತು ಮೊದಲಿಂದ ಕೊನೆತನಕ ಒಂದೇ ಸಮ ಇರಬೇಕು. ಮುಖ್ಯ ಸಂಗತಿಯೇ ದೂರಿನಲ್ಲಿ ಒಂದು, ಕಟಕಟೆಯಲ್ಲಿ ಒಂದು ಆದರೆ ಅನುಮಾನದ ಲಾಭ ಆರೋಪಿಗೆ. ಸಣ್ಣಪುಟ್ಟ ವ್ಯತ್ಯಾಸ ಪರವಾಗಿಲ್ಲ. ಖುಲಾಸೆಯಾದವನ ವಿರುದ್ಧದ ಅಪೀಲಂತೂ ಇನ್ನೂ ಕಷ್ಟ. ಸಾಕ್ಷ್ಯದಿಂದ ಎರಡೂ ಅಭಿಪ್ರಾಯ ಬರುವ ಹಾಗಿದ್ದರೆ ಮೇಲಿನ ಕೋರ್ಟು ಸಾಮಾನ್ಯವಾಗಿ ಕೈಹಾಕುವುದಿಲ್ಲ. ಕೆಳಗಿನವರು ಸಾಕ್ಷ್ಯ ತೂಗಿದ್ದೇ ತಪ್ಪು ಅಂತ ತೋರಿಸಬೇಕು. ಇದು ನನಗೆ ಮೊದಲು ಅನ್ಯಾಯವೆನಿಸಿತ್ತು. ನಮ್ಮ ಮನೆ ಹುಡುಗನ ಮೇಲೇ ಸುಳ್ಳು ದೂರು ಬಂದಿದ್ದರೆ ಅಂತ ಯೋಚಿಸಿದ ಮೇಲೆ ಸುಮ್ಮನಾದೆ.

ಈಗ ನನ್ನ ತಂಗಿಗೆ ಉತ್ತರ. ಮುಗಿದಿಲ್ಲಮ್ಮಾ. ಮೊದಲು ಸರ್ಕಾರ ಅಪೀಲು ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವಂತಿತ್ತು. 2009ರ ಕೊನೆಯಿಂದ ನೊಂದವರೇ ಅಪೀಲು ಹಾಕಬಹುದು. ಅದಕ್ಕೆ ಕೋರ್ಟಿನ ಮುಂಚಿನ ಅನುಮತಿಯೂ ಬೇಡ ಅಂತ 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ನಮ್ಮ ಕರ್ನಾಟಕದಿಂದ ಹೋದ ಮೊಕದ್ದಮೆಯಲ್ಲೇ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲೂ ಆ ಹಕ್ಕು ಉಳಿದಿದೆ. ಹೈಕೋರ್ಟಿಗೆ ಬೆಂಗಳೂರಿಗೇ ಓಡಬೇಕಿಲ್ಲ, ಧಾರವಾಡ, ಕಲಬುರಗಿಯಲ್ಲೂ ಪೀಠಗಳಿವೆ. ವಕೀಲರ ಫೀಸಿನ ಚಿಂತೆಯಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ. ಹೆಂಗಸರಿಗೆ ಅಲ್ಲಿ ವರಮಾನ ಎಷ್ಟೆಂದು ನೋಡದೆ ವಕೀಲರನ್ನು ಕೊಡುತ್ತಾರೆ.

ತಡಮಾಡಬೇಡಿ. ನಾಳೆಯೇ ತೀರ್ಪಿನ ನಕಲಿಗೆ ಅರ್ಜಿ ಹಾಕಿ. ದೂರು ತಡವಾಗಿದ್ದೇಕೆ, ಆ ದಿನಗಳಲ್ಲಿ ಮನೆಯಲ್ಲಿ ಏನೇನು ನಡೆಯಿತು ಎಂಬುದು ಸಾಕ್ಷ್ಯದಲ್ಲಿ ಎಲ್ಲಿ ಬಂದಿದೆ ಅಂತ ವಕೀಲರ ಜೊತೆ ಕೂತು ಹುಡುಕಿ. ಹುಡುಗಿ ಊಟ ಸರಿಯಾಗಿ ಮಾಡುತ್ತಿದ್ದಾಳೆಯೇ? ಅದನ್ನು ನೀವು ಬರೆದಿಲ್ಲ. ಮುಂದಿನ ಕಾಗದದಲ್ಲಿ ಬರೆಯಿರಿ.